ಕೆಂಪು ಮಿಂಚಿಗೆ ಮಾವನ ಸಾಕ್ಷಿ

ಮೇ ೬, ರಾತ್ರಿ ೮
ಕಲ್ಯಾಣದುರ್ಗದಲ್ಲಿ ಮಳೆ ಬೀಳಬೇಕಾದರೆ ಮೊದಲು ನನ್ನ ಒಪ್ಪಿಗೆ ಬೇಕು. ಅದಕ್ಕೇ ಹಿಂದೂಪುರದಿಂದ ಅಕ್ಕನ ಮಗಳು ಶ್ರೀವಾಣಿ ದಿನಾ ಫೋನ್ ಮಾಡುವುದು. ಗುಡುಗುಮೋಡದ ನೆತ್ತಿಯ ಮೇಲೆ, ಬಲು ಎತ್ತರದಲ್ಲಿ, ಕೆಂಪು ಮಿಂಚು ಹೊಡೆಯುತ್ತದಂತೆ. ಕೆಳಗಿರುವ ನಮಗೆ ಕಾಣದು. ನೂರು ಕಿಲೋಮೀಟರ್ ಆಚೆಯಿಂದ ಕಾಣಬಹುದು. ಅವಳಿಗೆ ಗುಡ್ಡ ಅಡ್ಡ, ಇಲ್ಲಿ ಮೋಡ ಕಟ್ಟಿದ್ದು ತಿಳಿಯದು. ಇಲ್ಲಿ ಗುಡುಗಿದರೆ ನಾನು ಹೇಳಬೇಕು, ಅವಳು ಮಹಡಿ ಮೇಲೆ ಕ್ಯಾಮೆರಾ ಇಡಬೇಕು. ಕಾಲೇಜಿನ ಕ್ಯಾಮೆರಾ — ೨೦ನೇ ತಾರೀಕು ವಾಪಸ್ ಕೊಡಬೇಕು.
"ಮಾವ, ಮೋಡ ಐತಾ?"
"ಐತಾ ಅಂದ್ರೆ? ಆನೆ ಹಿಂಡು ಕಣಮ್ಮ!"
ಹಿಡಿ ಹತ್ತಿಯಷ್ಟೂ ಇರಲಿಲ್ಲ. ಇಲ್ಲವೆಂದರೆ ಫೋನ್ ಇಟ್ಟುಬಿಡುತ್ತಾಳೆ...

ಮೇ ೯
ನಿನ್ನೆ, ಮೊನ್ನೆಯೂ ಆನೆ ಹಿಂಡು ಬಿಟ್ಟೆ. ಅರ್ಧ ಗಂಟೆ ಮಾತಾಡಿದಳು. ಸುಖ.

ಮೇ ೧೦
ಸಿಕ್ಕಿಬಿದ್ದೆ. ಹೆಂಡತಿ ಗಂಗುಲಮ್ಮ ಫೋನ್ ಕಿತ್ತುಕೊಂಡಳು. "ಅಮ್ಮಾಯಿ, ಇಲ್ಲಿ ನಕ್ಷತ್ರ ಎಣಿಸ್ಬೋದು. ನಿಮ್ಮಾವಂದು ಬರೀ ಅಬದ್ಧ."
ಮೂರು ರಾತ್ರಿ ನಿದ್ದೆಗೆಟ್ಟಿದ್ದಾಳೆ ಹುಡುಗಿ. ಫೋನ್ ಇಟ್ಟುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮೇ ೧೮
ಇವತ್ತೂ ಅವಳ ಫೋನಿಲ್ಲ.

ಮೇ ೧೯, ರಾತ್ರಿ ೯-೪೦
ಕುಂದುರ್ಪಿ ಕಡೆಯಿಂದ ಮೋಡ ಎದ್ದು ಬಂತು. ನಿಜವಾದ ಗುಡುಗು. ಕರೆಂಟ್ ಹೋಯಿತು. ನಾನೇ ಫೋನ್ ಮಾಡಿದೆ.
"ಮೇಲಕ್ಕೆ ಓಡಮ್ಮ!"
"ಸಾಕು ಮಾವ. ಕ್ಯಾಮೆರಾ ಪ್ಯಾಕ್ ಮಾಡ್ಬುಟ್ಟೆ."
ಫೋನನ್ನು ಕಿಟಕಿಗೆ ಹಿಡಿದೆ.
"ತಗಡು ಬಡೀತಾ ಇದೀಯಾ?" ಎಂದಳು.
ನಂಬಿಸಲು ಇನ್ನೇನು ಉಳಿದಿತ್ತು, ಯಾರಿಗೂ ಹೇಳದ ಒಂದು ನಿಜ ಬಿಟ್ಟು? ಗಂಗುಲಮ್ಮನಿಗೆ ಕೇಳದಂತೆ ಪಿಸುಗುಟ್ಟಿದೆ: "ಹೋದ ವರ್ಷ ಕುರಿ ವ್ಯಾಪಾರದಾಗೆ ಲಾಭ ಬಂತು ಅಂತ ಬೀದಿಗೆಲ್ಲಾ ಹೋಳಿಗೆ ಹಂಚಿದ್ನಲ್ಲ... ಲಾಸು ಕಣಮ್ಮ. ನಿನ್ನಾಣೆಗೂ."
"ನಿಜಂಗಾ, ಮಾವ?"
ಆಮೇಲೆ ಮೆಟ್ಟಿಲ ಮೇಲೆ ದಡದಡ ಹೆಜ್ಜೆ.

ಮೇ ೨೦, ಬೆಳಿಗ್ಗೆ
ವಾಟ್ಸಾಪಿನಲ್ಲಿ ಫೋಟೋ. ಗುಡ್ಡದ ಮೇಲಿನ ಕಪ್ಪು ಆಕಾಶದಲ್ಲಿ ಕೆಂಪಗೆ — ಬುಡಸಮೇತ ಕಿತ್ತ ಕಡಲೆಕಾಯಿ ಗಿಡ ಬೇರು ಇಳಿಬಿಟ್ಟ ಹಾಗೆ. ಅಷ್ಟು ದೊಡ್ಡದು ನಮ್ಮ ನೆತ್ತಿಯ ಮೇಲೇ ಇತ್ತು, ನಾನು ಒದ್ದೆ ಚಾಪೆ ಎಳೆಯುತ್ತಿದ್ದೆ.
ಫೋನಿನಲ್ಲಿ ಅತ್ತಳು, ನಕ್ಕಳು. "ಲಾಸು ಎಷ್ಟು ಮಾವ? ಅತ್ತೆಗೆ ಹೇಳಾಕಿಲ್ಲ."
"ಹನ್ನೆರಡು ಸಾವಿರ ಕಣಮ್ಮ."
ಅವಳ ಆಣೆ ಇಟ್ಟ ಮೇಲೆ ಹಾಗೆ ಹೇಳಬಾರದಿತ್ತು. ಗಂಗುಲಮ್ಮ ಈ ಕಡೆ ಬರುವ ಮುಂಚೆ ಇಲ್ಲಾದರೂ ನಿಜ ಬರೆಯುತ್ತೇನೆ. ಮೂವತ್ತೆಂಟು ಸಾವಿರದ ಆರುನೂರ—