ಮಂಚದ ಕಾಲು

ಅಮ್ಮಾ,

ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ನೀನು ಅಕ್ಕನ ಮನೆಗೆ ಯಾಕೆ ಹೋದೆ ಎಂದು ಕೇಳಿದವರಿಗೆಲ್ಲ "ಮೊಮ್ಮಗಳನ್ನ ನೋಡೋಕೆ" ಅನ್ನುತ್ತಿದ್ದೇನೆ.

ಹೊಸ ಗರಗಸ ಕೊಂಡ ಹುರುಪಿನಲ್ಲಿ ನಿನ್ನ ಮಂಚದ ಅಲುಗಾಟ ನಿಲ್ಲಿಸಲು ಹೊರಟೆ. ಒಂದು ಕಾಲು ಕುಯ್ದರೆ ಇನ್ನೊಂದು ಉದ್ದವಾಯಿತು, ಅದನ್ನು ಕುಯ್ದರೆ ಮತ್ತೊಂದು. "ಸಾಕು ಬಿಡೋ, ಒಂದು ರಟ್ಟಿನ ಚೂರು ಇಟ್ರೆ ಆಗುತ್ತೆ" ಅಂದೆ ನೀನು. "ಕೆಲಸ ಬರದೋರು ರಟ್ಟು ಇಡ್ತಾರೆ" ಅಂದೆ ನಾನು. ಮಂಚ ಹೋಗಿ ಮಣೆಯಾಯಿತು.

ನಿನ್ನೆ ಮಟ್ಟ ನೋಡುವ ರಸಮಟ್ಟ ತಂದು ನೆಲದ ಮೇಲೆ ಇಟ್ಟು ನೋಡಿದೆ. ಸೊಟ್ಟಗಿದ್ದದ್ದು ಮಂಚವಲ್ಲ, ನೆಲ.

ಈಗ ಅದರ ಮೇಲೆ ನಾನೇ ಮಲಗುತ್ತಿದ್ದೇನೆ. ಏಳಬೇಕಾದರೆ ನಾನೂ ಗೋಡೆ ಹಿಡಿಯಬೇಕು. ಅಲ್ಲಿ ನಿನ್ನ ಕೈ ಊರಿದ ಗುರುತು ಇನ್ನೂ ಇದೆ. ಅಷ್ಟು ಮಂಡಿನೋವು ಇಟ್ಟುಕೊಂಡು ಹೇಗೆ ಎದ್ದೆಯಮ್ಮ, ಒಂದು ಮಾತೂ ಆಡದೆ?

ಹೊಸ ಕಾಲು ಕೂರಿಸಲು ಬಡಗಿಗೆ ಹೇಳಿದ್ದೇನೆ. ಅಲ್ಲಿ ನೀನು ಸಲೀಸಾಗಿ ಏಳುವ ಮಂಚದ ಎತ್ತರವನ್ನು ದಾರದಲ್ಲಿ ಅಳೆದು ಕಳಿಸು. ಅಕ್ಕನಿಗೆ ಕಾರಣ ಹೇಳಬೇಡ, ಜೀವನಪೂರ್ತಿ ಆಡಿಕೊಳ್ಳುತ್ತಾಳೆ.

ರಟ್ಟಿನ ಚೂರು ಮಡಚಿ ಇಟ್ಟಿದ್ದೇನೆ.

ನಿನ್ನ ಮಗ