‘ಬ್ಯಾಡ’ ಎನ್ನುವ ಪಾಠ

೫ ನವೆಂಬರ್ ೨೦೧೫, ಗುರುವಾರ, ಔರಾದ

ಭಾಲಚಂದ್ರ ಮಾಸ್ತರ ಎರಡು ನಾಲಿಗೆಯ ಮನುಷ್ಯ. ಜೀವನ ಕೌಶಲವೆಂದು ಶಾಲೆಯ ಮಕ್ಕಳಿಗೆಲ್ಲ, ಮನಸ್ಸಿಗೆ ಬಾರದ್ದಕ್ಕೆ ‘ಬ್ಯಾಡ’ ಅನ್ನಲು ಕಲಿಸಿದ. ಈ ವರ್ಷವೂ ಮಳೆಯಿಲ್ಲ. ನಾಳೆ ಅಪ್ಪ ಅವ್ವ ಕಬ್ಬು ಕಡಿಯಲು ಪರವೂರಿಗೆ ಲಾರಿ ಹತ್ತಬೇಕು. ಅಲ್ಲಿ ಕೂಸು ತಮ್ಮನನ್ನು ಆಡಿಸಲು ಬಾ ಎಂದು ಅವ್ವ ಕರೆದರೆ ತಂಗಿ ಅಲಕಾ, “ಬ್ಯಾಡವ್ವಾ, ನಾ ಬರಂಗಿಲ್ಲ. ನಂಗ ಸಾಲಿ ಅದ” ಅಂದಳು.

ಅವ್ವ ಅವಳನ್ನು ಮಾಸ್ತರನ ಮುಂದೆ ಎಳೆದೊಯ್ದಳು. “ಇದೇ ಕಲಿಸೀರೇನ್ರಿ?”

“ಏ ಹುಚ್ಚಿ, ಅದು ಸಾಲ್ಯಾಗ ಅನ್ನೋದು. ಅವ್ವಗ ಅಂತಾರೇನು?”

ಉಗುಳಿದ್ದನ್ನು ತಾನೇ ನೆಕ್ಕಿಕೊಂಡ. ಥೂ!

ಹಿಂದೆ ಹೀಗೆಯೇ ಕೂಸು ಆಡಿಸಲೆಂದು ಶಾಲೆ ಬಿಟ್ಟವಳು ನಾನು. ಬೀದರ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ನನಗೆ ಈಗ ಸಿಕ್ಕ ಕೆಲಸ ಹಾಳಾಗಲಿ, ತಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅಲಕಾ ಅಜ್ಜಿಯ ಹತ್ತಿರ ಉಳಿಯುತ್ತಾಳೆ. ನನಗೂ ಹೋಗಲು ಮನಸ್ಸಿಲ್ಲ. ಆದರೆ ಈ ಮನೆಯಲ್ಲಿ ಒಬ್ಬಳ ‘ಬ್ಯಾಡ’ವಾದರೂ ನಿಲ್ಲಲಿ.