ಗುರಿಗಣ್ಣಿಗೆ ಗಂಧ

ಹೊನ್ನಾಳಿ
27-10-1983

ಚನ್ನಗಿರಿಯ ಕೋಟೆಗುಡ್ಡ ರೈಫಲ್ ಕ್ಲಬ್ಬಿನ ಘನ ಕಾರ್ಯದರ್ಶಿಗಳೂ, ಇಪ್ಪತ್ತೆರಡು ವರ್ಷದಿಂದ ನನ್ನ ಯಜಮಾನರೂ ಆದ ತಮಗೆ ಭೀಮಕ್ಕನ ನಮಸ್ಕಾರಗಳು.

ನಾನು ಇಲ್ಲಿ ಅಣ್ಣ ದುರುಗಣ್ಣನ ಮನೆಯಲ್ಲಿ ಕ್ಷೇಮ. ನೀವು ಅಲ್ಲಿ ಅಷ್ಟೇನೂ ಕ್ಷೇಮವಾಗಿರಲಾರಿರಿ. ಅನ್ನಕ್ಕೆ ಎಷ್ಟು ನೀರಿಡಬೇಕು ಎಂಬ ವಿಷಯದಲ್ಲಿ ನಿಮ್ಮ ಕ್ಲಬ್ಬಿನ ನಿಯಮಾವಳಿ ಮೌನವಾಗಿದೆ. ಸಿಟ್ಟು ಇಳಿದ ಮೇಲೆ ಬರೆಯುತ್ತಿದ್ದಾಳೆ ಅಂದುಕೊಳ್ಳಬೇಡಿ. ಅದು ಹಂಗೇ ಐತೆ.

ಬೆಂಗಳೂರಿನ ರಾಜ್ಯ ಸ್ಪರ್ಧೆಗೆ ಕ್ಲಬ್ಬಿನಿಂದ ಹೆಂಗಸರಿಗೆ ಇರುವುದು ಒಂದೇ ಜಾಗ. ಹತ್ತು ವರ್ಷದಿಂದ ಅದು ನನ್ನದು. ಈ ಸಲ ನೀವು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ದೃಷ್ಟಿ ಕುಂದಿದೆ" ಎಂದು ಬರೆದಿರಿ.

ನಲವತ್ತನಾಲ್ಕಕ್ಕೆ ಚಾಳೀಸು ಬಂದಿದ್ದು ನಿಜ. ಗುರಿಯಿಡಲು ಕೋವಿಯ ಹಿಂದಿನ ಕಚ್ಚು, ಮುಂದಿನ ಮೊಳೆ, ಐವತ್ತು ಮೀಟರ್ ಆಚೆಯ ಕರಿ ಚುಕ್ಕೆ, ಮೂರನ್ನೂ ಒಂದೇ ಗೆರೆಗೆ ಹಿಡಿಯಬೇಕು. ನನಗೆ ಕಚ್ಚು ಮಸುಕಾಗುತ್ತಿತ್ತು. ಅದಕ್ಕೇ ದುರುಗಣ್ಣ ತನ್ನ ಮಿಲಿಟರಿ ಸ್ನೇಹಿತರ ಕೈಲಿ ಪೀಪ್ ಸೈಟ್ ತರಿಸಿಕೊಟ್ಟ. ಕಚ್ಚಿನ ಜಾಗದಲ್ಲಿ ಒಂದು ಬಿಲ್ಲೆ, ಬಿಲ್ಲೆಯ ನಡುವೆ ಸಾಸಿವೆ ಕಾಳಿನಷ್ಟು ತೂತು. ತೂತನ್ನು ನೋಡುವ ಗೋಜಿಲ್ಲ, ಅದರೊಳಗಿಂದ ನೋಡಿದರಾಯಿತು. ಆಚೆಯದೆಲ್ಲ ತೊಳೆದಿಟ್ಟಂತೆ ಕಾಣುತ್ತದೆ. ಪಕ್ಕದ ತಿರುಪನ್ನು ಒಂದು ಟಿಕ್ ತಿರುಗಿಸಿದರೆ ಗುಂಡು ಅಕ್ಕಿಕಾಳಿನಷ್ಟು ಸರಿಯುತ್ತದೆ. ನೀವು ಅದನ್ನು ಕೈಯಲ್ಲಿ ಹಿಡಿದು, ಬಾಗಿಲ ಸಂದಿಯಾಗೆ ಇಣುಕೋ ಹೆಂಗಸರಿಗೆ ಹೇಳಿ ಮಾಡಿಸಿದ್ದು ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೊಂದು ನನ್ನ ತಪ್ಪು.

ಆಯುಧಪೂಜೆಯ ದಿನ ನೀವು ಮಡಿಯುಟ್ಟು ಕ್ಲಬ್ಬಿನ ಐದೂ ಕೋವಿಗಳಿಗೆ ವಿಭೂತಿ ಬಳಿದಿರಿ. ನನ್ನ ಕೋವಿಯ ಮೇಲೆ ದುಂಡನೆಯ ಬಿಲ್ಲೆ, ನಡುವೆ ಗುಳಿ; ಗಂಧ ಇಡಾಕೆ ಇದಕ್ಕಿಂತ ಪ್ರಶಸ್ತವಾದ ಜಾಗ ದೇವರ ಹಣೆಯಲ್ಲೂ ಇಲ್ಲ. ಇಟ್ಟಿರಿ, ಮೇಲೆ ಕುಂಕುಮವನ್ನೂ ಒತ್ತಿದಿರಿ. ಪೂಜೆಯಾದ ಆಯುಧ ಒರೆಸಬಾರದೆಂದು ಅಪ್ಪಣೆಯಾಯಿತು, ಬೀರುವಿಗೆ ಬೀಗ ಬಿತ್ತು.

ಆಯ್ಕೆಯ ಭಾನುವಾರ ಬೀಗ ತೆಗೆದಾಗ ಕುಂಕುಮ ಉದುರಿತ್ತು, ಗಂಧ ಒಣಗಿ ತೂತಿನ ಅರ್ಧಕ್ಕೆ ಕೂತಿತ್ತು. ಅದು ತಿಳಿಯದೆ ಐದು ಗುಂಡು ಹೊಡೆದೆ. ಐದೂ ಕರಿಯ ಹೊರಗೆ, ಎಡಕ್ಕೆ. ಕಣ್ಣೇ ಹೋಯಿತು ಅಂದುಕೊಂಡೆ. ನೀವು ಬಂದು, ಸಾಕು ಬಿಡು ಭೀಮಿ, ಇನ್ನ ಮನ್ಯಾಗೆ ಅಕ್ಕಿ ಆರಿಸಿಕೊಂಡಿರು ಅಂದಿರಿ. ಹಂಗೆ ಅಂದದ್ದೇ ಒಳ್ಳೆಯದಾಯಿತು. ಸಿಟ್ಟಿಗೆ ಬಿಲ್ಲೆ ಬಿಚ್ಚಿ ಬೆಳಕಿಗೆ ಹಿಡಿದೆ. ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಗಂಧ ಕೆದಕಿ ತೆಗೆದು ಮತ್ತೆ ಹತ್ತು ಗುಂಡು ಹೊಡೆದೆ. ಒಂಬತ್ತು ಕರಿಯೊಳಗೆ.

ಅಧ್ಯಕ್ಷ ಓಬಳಪ್ಪನವರು ಹಲಗೆ ನೋಡಿ, ಏನ್ರೀ ಸೆಕ್ರೆಟರಿ, ಇದನ್ನ ಬರಕೊಳ್ರಿ ಅಂದರು. ನೀವು ವೇಳೆ ಮುಗೀತು ಅಂದಿರಿ. ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷವಿತ್ತು. ಗಂಧ ಇಟ್ಟ ಕೈ ತಪ್ಪಿತು ಅಂತ ಒಪ್ಪಿಕೊಳ್ಳಾಕೆ ಒಂದು ನಿಮಿಷ ಸಾಕಿತ್ತು.

ಈಗ ಕೇಳಿ. ಪಟ್ಟಿ ಹೋಗುವುದು ಸೋಮವಾರ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ, ಎಲ್ಲರೆದುರು ಮತ್ತೆ ಹೊಡೆಯುತ್ತೇನೆ. ಓಬಳಪ್ಪನವರಿಗೂ ಬರೆದಿದ್ದೇನೆ, ಅವರು ಆಗಲಿ ಅಂದಿದ್ದಾರೆ. ಸೋತರೆ ಅಕ್ಕಿ ಆರಿಸುತ್ತೇನೆ. ಗೆದ್ದರೆ ಆ ಕೆಂಪು ಸಾಲನ್ನು ನೀವೇ, ನಿಮ್ಮ ಕೈಯಾರೆ, ಹೊಡೆದುಹಾಕಬೇಕು. ಬೇರೆಯವರು ಹೊಡೆದುಹಾಕಿದರೂ ನಾನು ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿಂದ ಮನೆಗೆ ಮಾತ್ರ ಬರುವುದಿಲ್ಲ.

ಇಂತಿ,
ಕ್ಲಬ್ಬಿನ ಏಳನೇ ನಂಬರಿನ ಸದಸ್ಯೆ, ಸದ್ಯಕ್ಕೆ ತಮ್ಮ ಹೆಂಡತಿ,
ಭೀಮಕ್ಕ

ತಾ.ಕ.: ಮೂರು ವರ್ಷದಿಂದ ನೀವು ಪೇಪರನ್ನು ಮಾರುದೂರ ಹಿಡಿದು ಓದುವುದನ್ನೂ, ಕಚೇರಿ ಕೆಲಸ ಅಂತ ನೆಪ ಹೇಳಿ ಕೋವಿ ಮುಟ್ಟುವುದನ್ನೇ ಬಿಟ್ಟಿದ್ದನ್ನೂ ನಾನು ಯಾರಿಗೂ ಹೇಳಿಲ್ಲ, ದುರುಗಣ್ಣನಿಗೂ ಹೇಳಿಲ್ಲ. ಈ ಅಕ್ಷರ ಮಸುಕಾದರೆ ಕವರಿನಲ್ಲಿ ಒಂದು ರಟ್ಟಿನ ಚೂರಿದೆ, ಪಿನ್ನಿನಿಂದ ತೂತು ಮಾಡಿದ್ದೇನೆ. ಕಣ್ಣಿಗೆ ಹತ್ತಿರ ಹಿಡಿದು, ಬಿಸಿಲಿಗೆ ನಿಂತು ಓದಿ. ಬೇಕಾದರೆ ಹಿತ್ತಲಿಗೆ ಹೋಗಿ. ಅಲ್ಲಿ ಯಾರೂ ನೋಡುವುದಿಲ್ಲ.